ಜೋಸೆಫನಿಗಾಗಿ ಅಗೆದ ಬೆಳಿಗ್ಗೆ

ಎಮಿಲ್ ಹುಡಾಕ್ ಮೊಣಕಾಲೂರಿ ಮೂರನೆಯ ಗುಂಡಿ ಅಗೆಯುತ್ತಿದ್ದ. ಹೆಂಡತಿಯ ಶವಸಂಸ್ಕಾರಕ್ಕೆಂದು ಇಸ್ತ್ರಿ ಮಾಡಿಸಿದ ಕಪ್ಪು ಸೂಟನ್ನೇ ಹಾಕಿಕೊಂಡು ಬಂದಿದ್ದ. ಪ್ಯಾಂಟು ಹಾಳಾಗದಿರಲೆಂದು ಮಗಳು ಡೆನೀಸ್ ಕಸದ ಪ್ಲಾಸ್ಟಿಕ್ ಚೀಲವೊಂದನ್ನು ಮೊಣಕಾಲ ಕೆಳಗೆ ಹಾಸಿದ್ದಳು. ಏಪ್ರಿಲ್ ತಿಂಗಳು, ಹಿಮ ಕರಗಿ ಮಣ್ಣು ಅಂಟಂಟಾಗಿತ್ತು.

"ಅಪ್ಪ, ಎಂಟು ಗಂಟೆ ಆಯ್ತು. ಒಂಬತ್ತೂವರೆಗೆ ಪೆಟ್ಟಿಗೆ ಮುಚ್ತಾರೆ, ಹತ್ತಕ್ಕೆ ಚರ್ಚು," ಎಂದಳು ಡೆನೀಸ್.

"ನನಗೂ ಗಡಿಯಾರ ನೋಡೋಕೆ ಬರುತ್ತೆ. ನೀನು ಆ ಕಡೆ ಅಗಿ."

"ನನ್ನ ಕೈಯಲ್ಲಿರೋದು ಸೂಪು ಬಡಿಸೋ ಸೌಟು."

"ನಿಮ್ಮಮ್ಮ ಆ ಸೌಟಲ್ಲೇ ಮೂವತ್ತು ವರ್ಷ ಜೋಸೆಫನ್ನ ಹೂತಿದಾಳೆ. ನಿನಗೇನು ಧಾಡಿ?"

ಪಾರ್ಮಾ ಎಂಬ ಆ ಊರಿನ ಬೀದಿಗಳಲ್ಲಿ ಮನೆ ಮಾರಾಟಕ್ಕಿಟ್ಟವರು ಸಂತ ಜೋಸೆಫನ ಗೊಂಬೆಯೊಂದನ್ನು ಅಂಗಳದಲ್ಲಿ ತಲೆಕೆಳಗಾಗಿ ಹೂಳುತ್ತಾರೆ. ಬಡಗಿಯಲ್ಲವೇ ಅವನು, ಮನೆಯ ಕಷ್ಟ ಅವನಿಗೆ ಗೊತ್ತು. ತಲೆಕೆಳಗಾಗಿ ನಿಂತ ಸಂಕಟಕ್ಕಾದರೂ ಬೇಗ ಗಿರಾಕಿ ಕರೆತರುತ್ತಾನೆ ಎಂದು ನಂಬಿಕೆ. ಮನೆ ಹೋದ ಮೇಲೆ ಅವನನ್ನು ಅಗೆದು, ತೊಳೆದು, ಹೊಸ ಮನೆಯಲ್ಲಿ ನೆಟ್ಟಗೆ ನಿಲ್ಲಿಸಬೇಕು. ಅದನ್ನು ಮರೆತವರು ಯಾವ ಮನೆಯಲ್ಲೂ ನೆಮ್ಮದಿಯಾಗಿರುವುದಿಲ್ಲ ಎನ್ನುತ್ತಾರೆ. ಸತ್ತುಹೋದ ಲೊರೆಟಾ ಹುಡಾಕ್‌ಳ ಕಸುಬೇ ಮಾರುವ ಮನೆಗಳನ್ನು ಅಣಿಗೊಳಿಸುವುದು. ಊರಿನವರ ಜೋಸೆಫರನ್ನೆಲ್ಲ ತಪ್ಪದೆ ಅಗೆದು ಕೊಟ್ಟವಳಿಗೆ ತನ್ನ ತಾಯಿಯ ಜೋಸೆಫ್ ಮಾತ್ರ ಸಿಕ್ಕಿರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ, ತಾಯಿಯ ಮನೆ ಮಾರುವಾಗ, ಈ ಅಂಗಳದಲ್ಲೇ ಹೂತದ್ದು.

"ಕೊನೇ ವಾರ ಅವಳದ್ದು ಒಂದೇ ಜಪ," ಎಂದ ಎಮಿಲ್, ಯಾರಿಗೆಂದಿಲ್ಲದೆ. "ನನ್ನನ್ನ ಮಣ್ಣಿಗೆ ಕಳಿಸೋ ಮುಂಚೆ ಇನ್ನೊಂದ್ಸಲ ಹುಡುಕಿ. ಸಿಕ್ರೆ ನನ್ನ ಜೊತೆ ಇಡಿ. ಬರ್ನಿಯನ್ನ ತಪ್ಪದೆ ಕರ್ಕೊಂಡು ಹೋಗಿ."

ಬರ್ನಿ ಅಲ್ಲೇ ಇದ್ದಳು. ಲೊರೆಟಾಳ ಅಕ್ಕ ಬರ್ನಿಸ್, ಎಪ್ಪತ್ತೈದರ ಮುದುಕಿ. ಕಾಲುದಾರಿಯ ಮೇಲೆ ನಿಂತು ಕೈಚೀಲವನ್ನು ಎರಡೂ ಕೈಯಿಂದ ಹೊಟ್ಟೆಗೆ ಒತ್ತಿಕೊಂಡಿದ್ದಳು. ಆ ಕೈಚೀಲದೊಳಗೆ, ಕಂದು ಬಣ್ಣದ ಉಣ್ಣೆಯ ಕಾಲ್ಚೀಲವೊಂದರಲ್ಲಿ, ಅವರೆಲ್ಲ ಹುಡುಕುತ್ತಿದ್ದ ಜೋಸೆಫ್ ಇದ್ದ.

ಅವನನ್ನು ಹೇಗೆ ಹಿಂದಿರುಗಿಸುವುದೆಂದು ಅವಳಿಗೆ ತಿಳಿದಿರಲಿಲ್ಲ. ಬೆಳಿಗ್ಗೆ ಎದ್ದಾಗ, ಪೆಟ್ಟಿಗೆಯ ಬಳಿ ಯಾರೂ ಇಲ್ಲದ ಗಳಿಗೆ ನೋಡಿ ತಂಗಿಯ ಪಕ್ಕದಲ್ಲಿ ತುರುಕಿಬಿಡೋಣ ಎಂದುಕೊಂಡಿದ್ದಳು. ಅಷ್ಟರಲ್ಲಿ ಡೆನೀಸಳ ಕಾರು ಬಾಗಿಲಿಗೇ ಬಂತು. ಈಗ ಇನ್ನೊಂದೂವರೆ ಗಂಟೆ ಉಳಿದಿತ್ತು. ಆಮೇಲೆ ಯಾರಿಗೆ ಕೊಡುವುದು? ಕೊಡಬೇಕಾದವಳ ಮೇಲೆ ಮುಚ್ಚಳ ಬಿದ್ದಿರುತ್ತದೆ.

"ದೊಡ್ಡಮ್ಮ, ನಿಮಗೇನಾದ್ರೂ ನೆನಪಿದ್ಯಾ? ಯಾವ ಮೂಲೇಲಿ ಹೂತಿದ್ರು?" ಎಂದು ಕೇಳಿದಳು ಡೆನೀಸ್.

"ನನಗೇನು ಗೊತ್ತು? ನಾನು ನೋಡಿದ್ನಾ?" ಎಂದಳು ಬರ್ನಿಸ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಯಿತು. ಅಷ್ಟು ಜೋರಾಗಿ ಹೇಳುವ ಅಗತ್ಯವೇನೂ ಇರಲಿಲ್ಲ.

* * *

ಹಿಂದಿನ ಸಂಜೆ ಶವವನ್ನು ದರ್ಶನಕ್ಕೆ ಇಟ್ಟಿದ್ದಾಗ ಊರಿನ ಅರ್ಧ ಹೆಂಗಸರು ಬಂದಿದ್ದರು. ಅವರೆಲ್ಲರ ಮನೆಯೊಳಗೂ ಲೊರೆಟಾ ಒಂದಲ್ಲ ಒಂದು ಸಲ ಕೈಯಾಡಿಸಿದವಳೇ.

"ಬಂದವಳೇ ನನ್ನ ಗಂಡನ ಕುರ್ಚಿ ಆಚೆ ಹಾಕ್ಸಿದ್ಲು," ಎಂದಳು ಒಬ್ಬಳು. "ಹೊಲಸು ನಾರುತ್ತೆ, ಇದಿದ್ರೆ ಮನೆ ಹೋಗಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದ್ಲು."

"ಕುರ್ಚಿ ಜೊತೆ ಗಂಡನ್ನೂ ಹಾಕಿಸ್ಬೇಕಿತ್ತು."

"ಕೇಳ್ದೆ ಕಣೇ. ಅದಕ್ಕೆ ಬೇರೆ ರೇಟು ಅಂದ್ಲು."

ಪೆಟ್ಟಿಗೆಯ ಪಕ್ಕದಲ್ಲೇ ಇಬ್ಬರೂ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕರು, ಆಮೇಲೆ ಅದೇ ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡರು. ಬರ್ನಿಸ್ ಅವರ ಹಿಂದೆ ನಿಂತಿದ್ದಳು. ತಂಗಿಯ ಮುಖ ನೋಡುವ ಧೈರ್ಯವಾಗದೆ ಕೈಗಳನ್ನು ನೋಡಿದಳು. ಸಾಮಾನ್ಯವಾಗಿ ಎರಡೂ ಕೈ ಜೋಡಿಸಿ ಜಪಮಾಲೆ ಸುತ್ತಿರುತ್ತಾರೆ. ಲೊರೆಟಾಳ ಎಡಗೈಗೆ ಮಾತ್ರ ಜಪಮಾಲೆ ಇತ್ತು. ಬಲಗೈ ಬೇರೆಯಾಗಿ, ಅಂಗೈ ಮೇಲಾಗಿ, ಬೆರಳು ಸ್ವಲ್ಪ ಮಡಿಸಿಕೊಂಡು ಖಾಲಿ ಬಿದ್ದಿತ್ತು. ಎಂಥ ಬೇಜವಾಬ್ದಾರಿ ಜನ, ಸತ್ತವಳ ಕೈಯನ್ನೂ ನೆಟ್ಟಗೆ ಇಟ್ಟಿಲ್ಲ ಎಂದುಕೊಂಡು ಬರ್ನಿಸ್ ಆಚೆ ಬಂದಳು.

* * *

ತಾಯಿ ಅನ್ನಾ ತೀರಿಕೊಂಡ ವರ್ಷದ ಮಾತು. ಬರ್ನಿಸ್ ಮದುವೆಯಾಗಿರಲಿಲ್ಲ. ಶಾಲೆಯ ಗ್ರಂಥಾಲಯದಲ್ಲಿ ಕೆಲಸ ಮಾಡಿಕೊಂಡು, ಹಾಸಿಗೆ ಹಿಡಿದ ತಾಯಿಯನ್ನು ಒಂಬತ್ತು ವರ್ಷ ಈ ಮನೆಯಲ್ಲೇ ನೋಡಿಕೊಂಡಿದ್ದಳು. ಉಯಿಲಿನಲ್ಲಿ ಮನೆ ಇಬ್ಬರು ಹೆಣ್ಣುಮಕ್ಕಳಿಗೂ ಸಮ. ತಂಗಿಯ ಪಾಲು ಕೊಳ್ಳುವ ಶಕ್ತಿ ಬರ್ನಿಸ್‌ಗಿರಲಿಲ್ಲ. ಬಿಟ್ಟುಕೊಡೋಣವೆಂದರೆ ಲೊರೆಟಾಳ ಕಷ್ಟವೂ ಕಡಿಮೆಯದಲ್ಲ. ಎಮಿಲ್ ಮರದ ಅಚ್ಚು ಕೆತ್ತುತ್ತಿದ್ದ ಎರಕದ ಕಾರ್ಖಾನೆ ಆ ಚಳಿಗಾಲದಲ್ಲೇ ಮುಚ್ಚಿತ್ತು. ಹಾಗಾಗಿ ಮನೆ ಮಾರಾಟಕ್ಕೆ ಬಂತು, ಬರ್ನಿಸ್ ಎರಡು ಕೋಣೆಯ ಬಾಡಿಗೆ ಮನೆಗೆ ಹೋದಳು.

ಭಾನುವಾರ ಮನೆ ತೋರಿಸುವ ದಿನ. ಮನೆಯವರು ಯಾರೂ ಸುಳಿಯಬಾರದು ಎಂಬುದು ಲೊರೆಟಾಳ ಕಟ್ಟಪ್ಪಣೆ. ಬಂದವರ ಹಿಂದೆ ತಿರುಗಬೇಡಿ, ಬಾಗಿಲು ತೆರೆದು ತೋರಿಸಬೇಡಿ, ತಾವಾಗಿ ತೆರೆದ ಬಾಗಿಲೊಳಗೆ ಮಾತ್ರ ಜನ ತಮ್ಮ ಮನೆ ಕಾಣುತ್ತಾರೆ ಎಂದು ಎಲ್ಲ ಗಿರಾಕಿಗಳಿಗೂ ಹೇಳುತ್ತಿದ್ದಳು. ಬರ್ನಿಸ್ ತಲೆಗೆ ವಸ್ತ್ರ ಕಟ್ಟಿಕೊಂಡು ಹೋದಳು. ಬಾಗಿಲ ಬಳಿಯ ಪುಸ್ತಕದಲ್ಲಿ ಯಾವುದೋ ಸುಳ್ಳು ಹೆಸರು ಬರೆದು, ಕೊಳ್ಳುವವಳಂತೆ ತನ್ನ ಮನೆಯೊಳಗೇ ಕಾಲಿಟ್ಟಳು.

ಗೋಡೆಗಳೆಲ್ಲ ಬೆಣ್ಣೆಯ ಬಣ್ಣವಾಗಿದ್ದವು. ಫೋಟೋಗಳಿಲ್ಲ. ತಾಯಿ ಗಸಗಸೆ ರೊಟ್ಟಿ ಲಟ್ಟಿಸುತ್ತಿದ್ದ ಮೇಜಿನ ಮೇಲೆ ಗಾಜಿನ ಬೋಗುಣಿ, ಅದರ ತುಂಬ ನಿಂಬೆಹಣ್ಣು. ಒಲೆಯಲ್ಲಿ ಒಂದಿಷ್ಟು ವೆನಿಲ್ಲಾ ಬಿಸಿಗಿಟ್ಟು, ಯಾರೋ ಈಗಷ್ಟೇ ಕೇಕು ಬೇಯಿಸಿದಂಥ ವಾಸನೆಯನ್ನು ಲೊರೆಟಾ ಹಬ್ಬಿಸಿದ್ದಳು. ತಾಯಿ ಪ್ರಾಣಬಿಟ್ಟ ಕೋಣೆಯಲ್ಲಿ ಬಿಳಿ ಹಾಸಿಗೆ, ಆರು ದಿಂಬು. ಮೂರು ಮಡಿಕೆ ಮಾಡಿದ ಬಿಳಿ ಟವೆಲುಗಳು. ಎಳೆಯ ಜೋಡಿಯೊಂದು ಅಲ್ಲಿ ನಿಂತಿತ್ತು.

"ಎಷ್ಟು ಚೆನ್ನಾಗಿದೆ ಅಲ್ವಾ? ಇಲ್ಲಿ ಯಾರೂ ವಾಸನೇ ಮಾಡಿಲ್ಲ ಅನ್ನೋ ಹಾಗಿದೆ," ಎಂದಳು ಹುಡುಗಿ.

ಒಂಬತ್ತು ವರ್ಷ ಆ ಕೋಣೆಯಲ್ಲಿ ಮಲಮೂತ್ರ ಬಳಿದವಳು ಗೋಡೆ ಹಿಡಿದುಕೊಂಡು ನಿಂತಳು. ಲೊರೆಟಾಳ ಕಣ್ಣಿಗೆ ಬಿದ್ದದ್ದು ಆಗಲೇ. ರಟ್ಟೆ ಹಿಡಿದು ಉಗ್ರಾಣದೊಳಕ್ಕೆ ಎಳೆದಳು.

"ಇಲ್ಲೇನ್ ಮಾಡ್ತಿದೀಯ ಬರ್ನಿ? ಬರಬೇಡ ಅಂದಿದ್ದೆ."

"ಕೊಳ್ಳೋಕೆ ಬಂದಿದೀನಿ. ಹೆಸರೂ ಬರ್ದಿದೀನಿ, ನೋಡ್ಕೋ ಹೋಗು."

"ತಮಾಷೆ ಬೇಡ."

"ಈ ಮನೇಲಿ ಅಮ್ಮ ಎಲ್ಲಿದಾಳೆ ತೋರ್ಸು, ಸುಮ್ನೆ ಹೋಗ್ತೀನಿ."

"ಅಮ್ಮ ಕಂಡ್ರೆ ಯಾರೂ ಕೊಳ್ಳಲ್ಲ. ಇದ್ದೋರು ಕಾಣಬಾರದು, ಬರೋರು ಕಾಣಬೇಕು. ಇದು ನನ್ನ ಕೆಲಸ ಬರ್ನಿ, ನನಗೇನು ಸಂಕಟ ಇಲ್ಲ ಅಂದ್ಕೊಂಡ್ಯಾ?"

"ಅಡಿಗೆಮನೆ ಗೂಡಲ್ಲಿದ್ದ ಜೋಸೆಫ್ ಎಲ್ಲಿ?"

"ಅಂಗಳದಲ್ಲಿ, ಮಾರಾಟದ ಬೋರ್ಡಿನ ಕಂಬದ ಹತ್ರ."

"ತಾತ ಕೈಯಾರೆ ಕೆತ್ತಿದ್ದು ಅದು. ಅದನ್ನ ತಲೆಕೆಳಗೆ ಹೂತ್ಯಾ?"

"ಅಮ್ಮನ ಮನೆಗೆ ಅಂಗಡಿಯ ಪ್ಲಾಸ್ಟಿಕ್ ಗೊಂಬೆ ಹೂಳೋಕೆ ಮನಸ್ಸು ಬರಲಿಲ್ಲ," ಎಂದಳು ಲೊರೆಟಾ. ಅವಳ ದನಿ ಒಡೆದಿತ್ತು. ಬರ್ನಿಸ್ ಅದನ್ನು ಗಮನಿಸಲಿಲ್ಲ, ಅಥವಾ ಗಮನಿಸಿಯೂ ಬಿಟ್ಟಳು.

ಆ ಸಂಜೆ ಎಲ್ಲರೂ ಹೋದ ಮೇಲೆ ಬರ್ನಿಸ್ ಬರಿಗೈಯಿಂದಲೇ ಮಣ್ಣು ಬಗೆದು ಜೋಸೆಫನನ್ನು ತೆಗೆದಳು. ಗೇಣುದ್ದದ ಮರದ ಗೊಂಬೆ, ತಾಯಿ ದಿನಾ ಮುಟ್ಟಿ ಮುಟ್ಟಿ ಮೂಗು ಸವೆದಿತ್ತು. ಅವನು ಮಣ್ಣಲ್ಲಿ ಇಲ್ಲದಿದ್ದರೆ ಮನೆ ಹೋಗುವುದಿಲ್ಲ ಎಂಬ ಆಸೆ ಅವಳದು. ಒಂಬತ್ತೇ ದಿನದಲ್ಲಿ ಮನೆ ಹೋಯಿತು. ಜೋಸೆಫನಿಂದಲ್ಲ, ನಿಂಬೆಹಣ್ಣಿನಿಂದ.

ಬೋರ್ಡಿನ ಕಂಬ ಕಿತ್ತ ಮೇಲೆ, ಮರುವಾರ, ಲೊರೆಟಾ ಸೌಟು ಹಿಡಿದು ಬಂದು ಇಡೀ ಮಧ್ಯಾಹ್ನ ಅಗೆದಳು. ಸಿಗದೆ ಹುಲ್ಲಿನ ಮೇಲೆ ಕೂತು ಗೊಳೋ ಎಂದು ಅತ್ತಳು. ಹೇಳಿಬಿಡೋಣವೆಂದೇ ಬರ್ನಿಸ್ ತಂಗಿಯ ಹತ್ತಿರ ಹೋದದ್ದು. ಬಾಯಿಂದ ಬಂದದ್ದು ಬೇರೆ.

"ಅಮ್ಮನ ಜೋಸೆಫನ್ನೂ ಕಳೆದ್ಯಲ್ಲ. ಇನ್ನೇನು ಉಳೀತು?"

ಆ ಮಾತು ಆಡಿದ ಮೇಲೆ ಹಿಂದಕ್ಕೆ ಹೋಗುವ ದಾರಿ ಮುಚ್ಚಿತು. ಪ್ರತಿ ಕ್ರಿಸ್‌ಮಸ್ ಊಟಕ್ಕೂ ಅಕ್ಕತಂಗಿ ಒಂದೇ ಮೇಜಿಗೆ ಕೂತರು, ಉಪ್ಪು ಕೊಡು, ಬ್ರೆಡ್ಡು ಕೊಡು ಎಂಬಷ್ಟು ಮಾತಾಡಿದರು. ಲೊರೆಟಾ ಪ್ರತಿ ಏಪ್ರಿಲ್‌ನಲ್ಲೂ ಈ ಅಂಗಳಕ್ಕೆ ಬಂದು ಅಗೆಯುತ್ತಿದ್ದಳು ಎಂಬ ಸುದ್ದಿ ಕಿವಿಗೆ ಬಿದ್ದಾಗೆಲ್ಲ ಬರ್ನಿಸ್‌ಗೆ ಅನ್ನ ಸೇರುತ್ತಿರಲಿಲ್ಲ. ಆದರೂ ಹೇಳಲಿಲ್ಲ.

* * *

"ಐದನೇ ಗುಂಡಿ," ಎಂದಳು ಡೆನೀಸ್. "ಅಂಗಳ ಹೆಗ್ಗಣ ಹೊಕ್ಕ ಹಾಗಾಯ್ತು. ಕ್ಷಮಿಸಿ ಒಕ್ಸಾನಾ."

ಈಗಿನ ಮನೆಯೊಡತಿ ಒಕ್ಸಾನಾ ಕಾಫಿಯ ಲೋಟಗಳನ್ನು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. "ಅಗೀರಿ, ಅಗೀರಿ. ಲೊರೆಟಾ ಅವರಿಗೋಸ್ಕರ ಅಂತಲೇ ಆ ಮೂಲೆ ಖಾಲಿ ಬಿಟ್ಟಿದೀನಿ. ಒಳಗೆ ಬಂದು ಒಂದು ಗುಟುಕು ಬಿಸಿ ಕುಡೀರಿ ಎಮಿಲ್ ಅವರೇ, ತುಟಿ ನೀಲಿಯಾಗಿದೆ."

ಎಮಿಲ್ ಮಗಳ ಭುಜ ಹಿಡಿದು ಎದ್ದ. ಬರ್ನಿಸಳ ಮುಖವನ್ನೊಮ್ಮೆ ನೋಡಿ, "ನೀನು ಇಲ್ಲೇ ಇರು," ಎಂದು ಮೆಲ್ಲಗೆ ಒಳಗೆ ಹೋದ. ಡೆನೀಸಳ ಫೋನು ಮೊಳಗಿತು. ಶವಾಗಾರದ ಮೇಲ್ವಿಚಾರಕ. ಅವಳು ಕಾರಿನತ್ತ ನಡೆಯುತ್ತ, "ಇನ್ನರ್ಧ ಗಂಟೆ, ದಯವಿಟ್ಟು," ಎಂದು ಬೇಡಿಕೊಳ್ಳುತ್ತಿದ್ದಳು.

ಗುಂಡಿಯ ಬಳಿ ಬರ್ನಿಸ್ ಒಬ್ಬಳೇ ಉಳಿದಳು. ಯೋಚಿಸಲು ಪುರುಸೊತ್ತಿರಲಿಲ್ಲ. ಕಸದ ಚೀಲದ ಮೇಲೆ ಕಷ್ಟಪಟ್ಟು ಮೊಣಕಾಲೂರಿದಳು. ಕಾಲ್ಚೀಲದಿಂದ ಜೋಸೆಫನನ್ನು ತೆಗೆದು ಗುಂಡಿಯೊಳಗೆ ಮಲಗಿಸಿ, ಮೇಲೆ ಎರಡು ಹಿಡಿ ಮಣ್ಣೆಳೆದಳು. ಕಾಲ್ಚೀಲವನ್ನು ಕೈಚೀಲಕ್ಕೆ ತುರುಕಿದಳು. ಆಮೇಲೆ ಕೂಗಿದಳು.

"ಡೆನೀಸ್, ಬಾ ಇಲ್ಲಿ. ಏನೋ ಕಾಣ್ತಿದೆ."

ಡೆನೀಸ್ ಓಡಿಬಂದು ಅವನನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಅವಳು ಎರಡು ದಿನದಿಂದ ಅತ್ತಿರಲಿಲ್ಲ. ಈಗ ದೊಡ್ಡಮ್ಮನ ಕುತ್ತಿಗೆಗೆ ಜೋತುಬಿದ್ದು ಬಿಕ್ಕಿಬಿಕ್ಕಿ ಅತ್ತಳು. "ನಿಮ್ಮ ಕೈಗೇ ಸಿಗಬೇಕಿತ್ತು ದೊಡ್ಡಮ್ಮ. ಅಮ್ಮ ಎಷ್ಟು ಖುಷಿ ಪಡ್ತಿದ್ರು." ಬರ್ನಿಸ್ ಮರದ ಕೊರಡಿನಂತೆ ನಿಂತಿದ್ದಳು.

ಎಮಿಲ್ ಬಂದ. ಗೊಂಬೆಯನ್ನು ಇಸಿದುಕೊಂಡ. ಮೂವತ್ತೆಂಟು ವರ್ಷ ಮರ ಕೆತ್ತಿದ ಹೆಬ್ಬೆರಳನ್ನು ಅದರ ಬೆನ್ನ ಮೇಲೆ, ನಿಲುವಂಗಿಯ ಮಡಿಕೆಗಳ ಸಂದಿಯಲ್ಲಿ ಆಡಿಸಿದ. ಮೇಲೆ ಮಾತ್ರ ಮಣ್ಣು, ಸಂದಿಯೊಳಗೆ ಒಂದು ಕಣವಿಲ್ಲ. ಇಪ್ಪತ್ತೆರಡು ಚಳಿಗಾಲ ಕಂಡ ಮರದಲ್ಲಿ ಒಂದು ಬಿರುಕಿಲ್ಲ. ಮೂಗಿನ ಹತ್ತಿರ ಹಿಡಿದ. ನುಸಿಗುಳಿಗೆಯ ವಾಸನೆ ಬರ್ನಿಸ್ ನಿಂತಲ್ಲಿಗೂ ಬಂತು.

"ಒಳ್ಳೇ ಮರ," ಎಂದನಷ್ಟೆ. "ನಡೀರಿ, ಹೊತ್ತಾಯ್ತು."

ಒಕ್ಸಾನಾ ಶಿಲುಬೆಯ ಗುರುತು ಮಾಡಿಕೊಂಡಳು. "ಪವಾಡ ನೋಡಿ. ಅವರೇ ಆಸೆ ಬಿಟ್ಟಿದ್ರು. ಐದು ವರ್ಷದಿಂದ ಅಗೆಯೋಕೆ ಬಂದಿರಲಿಲ್ಲ. ಇನ್ನು ಇಲ್ಲಿ ಗುಲಾಬಿ ನೆಡಿ ಅಂದ್ರು, ನನಗೇ ಮನಸ್ಸಾಗಲಿಲ್ಲ."

"ಐದು ವರ್ಷವಾ?" ಎಂದಳು ಬರ್ನಿಸ್.

"ಹೌದು. ನಿಮಗೆ ಸೊಂಟದ ಆಪರೇಷನ್ ಆಯ್ತಲ್ಲ, ಆಗ. ನಿಮ್ಮ ಮನೆಯಿಂದ ಬಟ್ಟೆ ತಗೊಂಡು ಆಸ್ಪತ್ರೆಗೆ ಹೋಗ್ತಾ ಇಲ್ಲಿ ಇಳಿದಿದ್ರು. ಆ ಮೂಲೇಲಿ ಸುಮಾರು ಹೊತ್ತು ಸುಮ್ನೆ ನಿಂತಿದ್ರು."

ಆ ದಿನ ಬರ್ನಿಸ್‌ಗೆ ಚೆನ್ನಾಗಿ ನೆನಪಿತ್ತು. ತಂಗಿ ಮಡಿಸಿದ ರಾತ್ರಿಯಂಗಿಗಳನ್ನು ಮಂಚದ ತುದಿಗಿಟ್ಟು ಹಣೆ ಮುಟ್ಟಿ ನೋಡಿದ್ದಳು. ಆ ಅಂಗಿಗಳಿದ್ದ ಡ್ರಾಯರಿನ ಕೆಳಗಿನದರಲ್ಲೇ ಕಾಲ್ಚೀಲಗಳು. ಆ ವಾರವೆಲ್ಲ ಬರ್ನಿಸ್ ತಂಗಿಯ ಮುಖವನ್ನೇ ಕಾದಿದ್ದಳು. ಲೊರೆಟಾ ಕೂಗಾಡುವ ಜಾತಿ, ಕಂಡಿದ್ದರೆ ಆಸ್ಪತ್ರೆಯ ಸೂರು ಹಾರಿಸುತ್ತಿದ್ದಳು, ಹಾಗಾಗಿ ಕಂಡಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು. ಮನೆಗೆ ಬಂದು ನೋಡಿದರೆ ಟವೆಲುಗಳೆಲ್ಲ ಲೊರೆಟಾ ಮಡಿಸುವ ಹಾಗೆ ಮೂರು ಮಡಿಕೆಯಾಗಿದ್ದವು. ಮನೆಯೊಳಗೆ ಕಾಲಿಟ್ಟರೆ ಎಲ್ಲ ಡ್ರಾಯರುಗಳನ್ನೂ ತೆರೆದು ನೋಡದೆ ಲೊರೆಟಾ ಯಾವತ್ತೂ ಹೊರಗೆ ಬಂದವಳಲ್ಲ. ಅದು ಬರ್ನಿಸ್‌ಗೆ ಗೊತ್ತಿತ್ತು. ಗೊತ್ತಿಲ್ಲದವಳಂತೆ ಐದು ವರ್ಷ ಬದುಕಿದ್ದಳು.

* * *

ಕಾರಿನಲ್ಲಿ ಎಮಿಲ್ ಮುಂದೆ ಕೂತಿದ್ದ, ತೊಡೆಯ ಮೇಲೆ ಜೋಸೆಫ್. ಎರಡು ಸಿಗ್ನಲ್ ದೀಪಗಳನ್ನು ದಾಟಿದರು.

"ಅದು ಮಣ್ಣಲ್ಲಿರಲಿಲ್ಲ," ಎಂದಳು ಹಿಂದಿನ ಸೀಟಿನಿಂದ ಬರ್ನಿಸ್.

"ಏನಂದ್ರಿ ದೊಡ್ಡಮ್ಮ?"

"ನನ್ನ ಹತ್ರ ಇತ್ತು. ಮೊದಲಿಂದ ನನ್ನ ಹತ್ರಾನೇ ಇತ್ತು. ಮನೆ ತೋರಿಸಿದ ಸಂಜೆ ನಾನೇ ಅಗೆದು ತಗೊಂಡೆ. ಈಗ ಗುಂಡಿಗೆ ಹಾಕಿದ್ದೂ ನಾನೇ."

ಡೆನೀಸ್ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದಳು. ಕನ್ನಡಿಯಲ್ಲಿ ದೊಡ್ಡಮ್ಮನನ್ನು ನೋಡಿದಳು. "ಪ್ರತಿ ವರ್ಷ ಅಮ್ಮ ಕೈ ತರಚಿಸ್ಕೊಂಡು ಬರ್ತಿದ್ರು. ನಾನು ಉಗುರು ತೊಳೀತಿದ್ದೆ. ನೀವು ನೋಡ್ತಾ ಕೂತಿದ್ರಾ?"

"ಹೂಂ," ಎಂದಳು ಬರ್ನಿಸ್.

"ಅಪ್ಪ, ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ನಿಮ್ಮಮ್ಮನಿಗೂ ಗೊತ್ತಿತ್ತು. ಬರ್ನಿಯ ಕಾಲ್ಚೀಲದ ಡ್ರಾಯರಲ್ಲಿ ಕಂಡು ಬಂದು ನನಗೆ ಹೇಳಿದ್ಲು."

"ಮತ್ತೆ ನನ್ನ ಕೈಲಿ ಐದು ಗುಂಡಿ ತೋಡ್ಸಿದ್ದು ಯಾಕೆ?"

"ತೋಡ್ಸಿದ್ದು ನಾನಲ್ಲ, ಅವಳು." ಎಮಿಲ್ ಕೈಯಲ್ಲಿದ್ದ ಗೊಂಬೆಯನ್ನು ತಿರುಗಿಸಿದ. "ನಾನೇ ಹೋಗಿ ಕೇಳ್ಲಾ ಅಂದೆ. ಬೇಡ ಅಂದ್ಲು. ಕೇಳಿದ್ರೆ ಕಿತ್ಕೊಂಡ ಹಾಗಾಗುತ್ತೆ, ಅವಳ ಮನೆಯೊಂದನ್ನ ಆಗಲೇ ಕಿತ್ಕೊಂಡಿದೀನಿ ಅಂದ್ಲು. ಬಾಗಿಲು ಅವಳೇ ತೆಗೀಬೇಕು, ನಾವು ತೆಗೆದು ತೋರಿಸಬಾರದು ಅಂತ."

ಬರ್ನಿಸ್ ಕೈಚೀಲಕ್ಕೆ ಮುಖವೊತ್ತಿ ಅತ್ತಳು. ತಂಗಿ ಸತ್ತಾಗಿನಿಂದ ಅವಳಿಗಾಗಿ ಅಳಲು ತನಗೆ ಹಕ್ಕಿಲ್ಲವೆಂದು ತಡೆದುಕೊಂಡದ್ದೆಲ್ಲ ಹೊರಗೆ ಬಂತು. ಡೆನೀಸ್ ಕಾಗದದ ಕರವಸ್ತ್ರವೊಂದನ್ನು ಹಿಂದಕ್ಕೆ ಚಾಚಿ, ಕಾರು ಹೊರಡಿಸಿದಳು.

ಒಂಬತ್ತೂ ನಲವತ್ತು. ಶವಾಗಾರದ ಬಾಗಿಲಲ್ಲೇ ಮೇಲ್ವಿಚಾರಕ ಕಾಯುತ್ತಿದ್ದ. ನೆಂಟರೆಲ್ಲ ಆಗಲೇ ಚರ್ಚಿಗೆ ಹೋಗಿದ್ದರು. ಎಮಿಲ್ ಒಳಗೆ ಬಂದವನೇ ಜೋಸೆಫನನ್ನು ಬರ್ನಿಸಳ ಕೈಗಿಟ್ಟು ಹಿಂದೆ ಸರಿದ.

"ನೀನು ಕೊಡು," ಎಂದ.

ಬರ್ನಿಸ್ ಪೆಟ್ಟಿಗೆಯ ಬಳಿ ಹೋದಳು. ಲೊರೆಟಾ ನಿನ್ನೆಯ ಹಾಗೆಯೇ ಮಲಗಿದ್ದಳು, ಎಡಗೈಗೆ ಜಪಮಾಲೆ, ಬಲಗೈ ಖಾಲಿ.

"ಕೈ ಹೀಗಿದೆ ಅಂತ ತಪ್ಪು ತಿಳ್ಕೋಬೇಡಿ," ಎಂದ ಮೇಲ್ವಿಚಾರಕ. "ಎರಡು ತಿಂಗಳ ಹಿಂದೆ ಅವರೇ ಬಂದು ಬರೆದುಕೊಟ್ಟು ಹೋಗಿದ್ರು. ಬಲಗೈ ಮುಚ್ಚಬೇಡಿ, ಒಬ್ಬರು ಏನೋ ತರೋದಿದೆ ಅಂತ."

ಬರ್ನಿಸ್ ಜೋಸೆಫನನ್ನು ತಲೆ ಮೇಲಾಗಿ, ನೆಟ್ಟಗೆ, ತಂಗಿಯ ಅಂಗೈಯೊಳಗಿಟ್ಟಳು. ಮಡಿಸಿದ ಬೆರಳುಗಳ ನಡುವೆ ಅವನು ಸರಿಯಾಗಿ ಕೂತ. "ತಗೋ ಲೊರೆಟಾ," ಎಂದಳು. "ತಡ ಮಾಡಿದೆ."

ಗೊಂಬೆಗೆ ಅಂಟಿದ್ದ ತಾಯಿಯ ಅಂಗಳದ ಮಣ್ಣು ಉದುರಿ ಬಿಳಿಯ ರೇಷ್ಮೆಯ ಮೇಲೆ ಬಿತ್ತು. ಮೇಲ್ವಿಚಾರಕ ಕೋಟಿನ ಜೇಬಿನಿಂದ ಸಣ್ಣ ಬ್ರಷ್ಷು ತೆಗೆದು ಮುಂದೆ ಬಂದ. ಬರ್ನಿಸ್ ಅವನ ಕೈ ಹಿಡಿದಳು.

"ಇರ್ಲಿ ಬಿಡಿ," ಎಂದಳು.

ಅವನು ಎಮಿಲ್‌ನತ್ತ ನೋಡಿದ. ಎಮಿಲ್ ತಲೆಯಾಡಿಸಿದ. ಮಣ್ಣು ಬಿದ್ದಲ್ಲೇ ಇತ್ತು, ಮುಚ್ಚಳ ಮುಚ್ಚಿದರು.